ಮಗುವಿಗೊಂದು ಚೀಲ, ನಮಗೆರಡು ಕೈ

ಮಗು ಹುಟ್ಟಿದ ಮನೆಯವರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ. "ಬೇಬಿ ಕ್ಯಾರಿಯರ್ ತಗೋಬೇಕು, ಯಾವುದು ಚೆನ್ನಾಗಿದೆ?" ಬೇಬಿ ಕ್ಯಾರಿಯರ್ ಅಂದರೆ ಮಗುವನ್ನು ಮೈಗೆ ಕಟ್ಟಿಕೊಂಡು ಹೊರುವ ಚೀಲ. ಒಂದು ಹೆಸರು ಹೇಳಿಬಿಟ್ಟರೆ ಅವರಿಗೂ ಖುಷಿ, ನನಗೂ ಕೆಲಸ ಮುಗೀತು. ಆದರೆ ನಾನು ಹೇಳುವುದಿಲ್ಲ, ಸುಮ್ನೆ ಅವರ ತಲೆ ತಿನ್ನುತ್ತೇನೆ. ಮನೆ ಎಷ್ಟನೇ ಮಹಡಿ? ಲಿಫ್ಟ್ ಇದೆಯಾ? ಓಡಾಟ ಬಸ್ಸಲ್ಲೋ, ಆಟೋದಲ್ಲೋ, ಕಾರಲ್ಲೋ? ಹೆರಿಗೆ ನಾರ್ಮಲ್ಲಾ, ಸಿಸೇರಿಯನ್ನಾ? ಮಗುವನ್ನು ಎತ್ತಿಕೊಳ್ಳುವವರು ಯಾರ್ಯಾರು? ಅವರಲ್ಲಿ ಸೀರೆ ಉಡುವವರು ಎಷ್ಟು ಜನ?

ಕೊನೆಯ ಪ್ರಶ್ನೆಗೆ ಎಲ್ಲರೂ ನಗುತ್ತಾರೆ. ನನ್ನ ಪ್ರಕಾರ ಅದೇ ಮುಖ್ಯ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ, ನಮ್ಮ ಬಡಾವಣೆಯಲ್ಲಿ ಮಗಳನ್ನು ಎದೆಗೆ ಕಟ್ಟಿಕೊಂಡು ಸೊಪ್ಪಿನ ಗಾಡಿಯ ಮುಂದೆ ಚೌಕಾಸಿ ಮಾಡಿದ ಮೊದಲ ಗಂಡಸು ಬಹುಶಃ ನಾನೇ. ಅರ್ಹತೆ ಅಷ್ಟೇ. ಎದುರುಮನೆಯವರು ಕೆಲ ಕಾಲ ನನ್ನನ್ನು "ಝಾನ್ಸಿ ರಾಣಿ" ಅಂತಲೇ ಕರೆಯುತ್ತಿದ್ದರು. ರಾಣಿ ಬೆನ್ನಿಗೆ ಕಟ್ಟಿಕೊಂಡಿದ್ದಳಲ್ವಾ, ನಾನು ಎದೆಗೆ ಕಟ್ಟಿಕೊಂಡಿದ್ದೇನೆ ಅಂತ ವಾದ ಮಾಡಿದ್ದೂ ಆಯಿತು.

ಅಂಗಡಿಯಲ್ಲಿ ಕ್ಯಾರಿಯರ್ ಇರುವುದು ಮಕ್ಕಳ ಸಾಮಾನಿನ ಸಾಲಿನಲ್ಲಿ. ಹಾಗಾಗಿ ಎಲ್ಲರೂ ಅದನ್ನು ಮಗುವಿನ ವಸ್ತು ಅಂತಲೇ ನೋಡುತ್ತಾರೆ. ಬಣ್ಣ ಏನು, ಮೇಲೆ ಟೋಪಿ ಇದೆಯಾ, ಎಷ್ಟು ಜೇಬಿದೆ. ಆದರೆ ಚಪ್ಪಲಿಯ ಹಾಗೆ, ಹಾಕಿಕೊಂಡು ನಡೆಯುವವರೇ ಹಾಕಿ ನೋಡಿ ಕೊಳ್ಳಬೇಕಾದ್ದು ಇದು. ಮಗುವಿಗೆ ಬೇಕಾದ್ದು ಎರಡೇ: ಉಸಿರಾಡೋಕೆ ತೊಂದರೆ ಆಗಬಾರದು, ತೊಡೆ, ಸೊಂಟಕ್ಕೆ ಆಧಾರ ಸಿಗಬೇಕು. ಇವೆರಡು ಸರಿ ಇದ್ದರೆ ಉಳಿದದ್ದೆಲ್ಲ ಹೊರುವವರ ಲೆಕ್ಕಾಚಾರ. ಹೊರುವವರಿಗೆ ಕಿರಿಕಿರಿ ಆದ ಕ್ಯಾರಿಯರ್ ಹದಿನೈದು ಸಾವಿರದ್ದಾದರೂ ಅಟ್ಟ ಸೇರುತ್ತದೆ.

ನಮ್ಮಲ್ಲಿ ಮಗುವನ್ನು ಎತ್ತಿಕೊಳ್ಳಲು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಕಂಕುಳಲ್ಲಿ ಇಟ್ಟುಕೊಂಡೇ ಊರೆಲ್ಲ ಸುತ್ತಿದವರು ನಾವು. ನಮ್ಮ ಅತ್ತೆ ದಾವಣಗೆರೆ ಕಡೆಯವರು. ಬಾಣಂತನಕ್ಕೆ ಬಂದು ನಮ್ಮ ಮನೆಯಲ್ಲಿ ಇದ್ದಾಗ ನಾನು ಗಮನಿಸಿ ನೋಡಿದ್ದು ಅವರ ಸೊಂಟವನ್ನು. ಅಂದರೆ ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಅವರು ಅವಳನ್ನು ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದ ರೀತಿಯನ್ನು. ಮಗುವಿನ ಒಂದು ಕಾಲು ಅವರ ಹೊಟ್ಟೆಯ ಕಡೆ, ಇನ್ನೊಂದು ಬೆನ್ನಿನ ಕಡೆ. ಮೊಣಕಾಲು ಕುಂಡಿಗಿಂತ ಸ್ವಲ್ಪ ಮೇಲೆ. ತೊಡೆಯ ಅಡಿಗೆ ಅವರ ಮುಂಗೈ ಪೂರ್ತಿ ಚಾಚಿರುತ್ತಿತ್ತು. ಮಗುವಿನ ತಲೆ ಅವರ ಗದ್ದದ ಹತ್ತಿರ. ತಲೆ ಸ್ವಲ್ಪ ಬಗ್ಗಿಸಿದರೆ ಮುತ್ತು ಕೊಡಬಹುದಾದಷ್ಟು ಎತ್ತರ.

ಈಗ ಯಾವುದೇ ಒಳ್ಳೆಯ ಕ್ಯಾರಿಯರಿನ ಜೊತೆ ಬರುವ ಚಿತ್ರ ತೆಗೆದು ನೋಡಿ. ಇದನ್ನೇ ಬರೆದಿರುತ್ತಾರೆ. ಎರಡು ಮೊಣಕಾಲು ಮೇಲೆ, ನಡುವೆ ಕುಂಡಿ ಕೆಳಗೆ, ಮುಂದಿನಿಂದ ನೋಡಿದರೆ ಇಂಗ್ಲಿಷಿನ ಎಂ ಅಕ್ಷರದ ಆಕಾರ. ಕ್ಯಾರಿಯರ್ ಮಾಡಬೇಕಾದ ಕೆಲಸ ಅತ್ತೆಯ ಕೈ ಮಾಡುತ್ತಿದ್ದ ಕೆಲಸವೇ. ಅಂಗಡಿಯಲ್ಲಿ ನಿಂತು ಗೊಂದಲವಾದರೆ ಇಷ್ಟು ಮಾಡಿ. ಮೊದಲು ಮಗುವನ್ನು ಬರಿಗೈಯಲ್ಲಿ ಎತ್ತಿ ಎದೆಗೆ ಒರಗಿಸಿಕೊಳ್ಳಿ. ಅದು ತಾನಾಗಿ ಕಾಲು ಮಡಚಿಕೊಳ್ಳುತ್ತದೆ. ಆಮೇಲೆ ಚೀಲಕ್ಕೆ ಹಾಕಿ. ಮಗುವಿನ ಭಂಗಿ ಬದಲಾಗದಿದ್ದರೆ ಚೀಲ ಸರಿಯಾಗಿದೆ. ಕಾಲು ನೇತಾಡುವ ಹಾಗಾದರೆ ಬೇಡ.

ಕಡಿಮೆ ಬೆಲೆಗೆ ಸಿಗುವ "ಫೋರ್ ಇನ್ ಒನ್", "ಸಿಕ್ಸ್ ಇನ್ ಒನ್" ಚೀಲಗಳಲ್ಲಿ ಬಹಳಷ್ಟಕ್ಕೆ ಕೂರುವ ಜಾಗ ತೀರಾ ಕಿರಿದು. ಎರಡು ಕಾಲಿನ ನಡುವೆ ಒಂದು ಬಟ್ಟೆ ಪಟ್ಟಿ, ಅಷ್ಟೇ. ಮಗುವಿನ ಭಾರವೆಲ್ಲ ಅದೇ ಪಟ್ಟಿಯ ಮೇಲೆ, ಕಾಲು ಎರಡೂ ಕೆಳಗೆ ಜೋತುಬಿದ್ದಿರುತ್ತವೆ. ಬಟ್ಟೆ ಈ ಮೊಣಕಾಲಿನ ಸಂದಿನಿಂದ ಆ ಮೊಣಕಾಲಿನ ಸಂದಿಗೆ ಬರಬೇಕು. ಹುಟ್ಟಿದ ಮಗುವಿನ ಸೊಂಟದ ಕೀಲು ಇನ್ನೂ ಎಳಸು. ತೊಡೆಮೂಳೆಯ ಗುಂಡು ಕೂರುವ ಬಟ್ಟಲಿನಲ್ಲಿ ಆಗ ಮೆದು ಮೂಳೆಯೇ ಜಾಸ್ತಿ. ಮೊದಲ ಆರು ತಿಂಗಳು ಅದು ಆಕಾರ ಪಡೆಯುವ ಕಾಲ. ಕಾಲು ನೇತಾಡಿದ ತಕ್ಷಣ ಎಲ್ಲ ಮಕ್ಕಳ ಸೊಂಟ ಹಾಳಾಗುತ್ತದೆ ಅಂತೇನೂ ಇಲ್ಲ, ಹೆದರಿಸುವುದು ಬೇಡ. ಆದರೆ ಹೊಟ್ಟೆಯಲ್ಲಿ ತಲೆ ಮೇಲೆ, ಕುಂಡಿ ಕೆಳಗೆ ಆಗಿ ಉಲ್ಟಾ ಇದ್ದ ಮಗು, ಮನೆಯಲ್ಲಿ ಯಾರಿಗಾದರೂ ಸೊಂಟದ ಕೀಲಿನ ತೊಂದರೆ ಇದ್ದ ಮಗು, ಇವರ ವಿಷಯದಲ್ಲಿ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಹೆಣ್ಣುಮಕ್ಕಳಲ್ಲಿ ಈ ತೊಂದರೆ ಜಾಸ್ತಿ.

ನಮ್ಮ ಅತ್ತೆಗೆ ಇದೆಲ್ಲ ಒಪ್ಪಿಗೆ ಇರಲಿಲ್ಲ. ಮೊದಲ ಸಲ ನೋಡಿದಾಗ ಅವರು ಹೇಳಿದ್ದು, "ಏನ್ರೀ ಇದು, ಕೂಸಿನ್ನ ಚೀಲದಾಗೆ ಹಾಕ್ತೀರಾ? ಕಾಲು ಸೊಟ್ಟ ಆದ್ರೆ ಏನ್ ಮಾಡ್ತೀರಿ?"

ಸೊಂಟದ ಮೇಲೆ ಕಾಲು ಅಗಲಿಸಿ ಮಕ್ಕಳನ್ನು ಹೊತ್ತು ಬೆಳೆಸಿದವರೇ ಚೀಲದಲ್ಲಿ ಅದೇ ಭಂಗಿ ನೋಡಿ ಕಾಲು ಸೊಟ್ಟ ಅನ್ನುತ್ತಾರೆ! ಅವರ ಭಯ ಎಲ್ಲಿಂದ ಬಂತು ಅಂತ ಗೊತ್ತು. ನಮ್ಮ ಬಾಣಂತನದಲ್ಲಿ ಎಣ್ಣೆ ಹಚ್ಚಿ, ನೀರು ಹಾಕಿ, ಕಾಲು ನೀಟಾಗಿ ನೀವಿ, ಎರಡೂ ಕಾಲು ಜೋಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುತ್ತಾರೆ. ಕಾಲು ನೆಟ್ಟಗಾಗಲಿ ಅಂತ. ಸೊಂಟದ ಕೀಲಿಗೆ ಒಗ್ಗದ್ದು ಈ ನೆಟ್ಟಗಿನ ಬಿಗಿತವೇ. ಜಪಾನಿನಲ್ಲೂ ಹೀಗೇ ಸುತ್ತುವ ಪದ್ಧತಿ ಇತ್ತು. 1975ರಲ್ಲಿ ಅಲ್ಲಿ ದೇಶದುದ್ದಕ್ಕೂ ತಿಳಿವಳಿಕೆ ಕೊಡುವ ಕೆಲಸ ಶುರು ಮಾಡಿ, ಕಾಲು ನೆಟ್ಟಗೆ ಮಾಡಿ ಸುತ್ತಬೇಡಿ ಅಂತ ಹೇಳಿಕೊಟ್ಟರು. ಮುಖ್ಯವಾಗಿ ಅಜ್ಜಿಯಂದಿರಿಗೆ! ಆಮೇಲೆ ಅಲ್ಲಿ ಮಕ್ಕಳ ಸೊಂಟದ ಕೀಲು ಜಾರುವ ತೊಂದರೆ ಬಹಳ ಇಳಿಯಿತು. ಇನ್ನು ಕಾಲು ಬಾಗಿರುವ ವಿಷಯ: ಒಂದೂವರೆ, ಎರಡು ವರ್ಷದವರೆಗೆ ಮಕ್ಕಳ ಕಾಲು ಸ್ವಲ್ಪ ಬಾಗಿರುವುದು ಸಹಜ. ಚೀಲದಲ್ಲಿ ಕೂತರೂ ಅಷ್ಟೇ, ಕೂರದಿದ್ದರೂ ಅಷ್ಟೇ.

ಜಪಾನಿನ ಅಜ್ಜಿಯರ ಕಥೆ ಹೇಳಿದೆ. ಅತ್ತೆ ಕೇಳಿಸಿಕೊಂಡು, "ಅವರ ಕೂಸು ಅವರಿಗೆ" ಅಂದರು.

ಉಸಿರಾಟದ ವಿಷಯ ಮಾತ್ರ ತಮಾಷೆಯಲ್ಲ. ಎಳೆ ಮಗುವಿನ ತಲೆ ಭಾರ, ಕುತ್ತಿಗೆ ಮೆತ್ತಗೆ, ಉಸಿರಿನ ಕೊಳವೆ ಸಣ್ಣದು. ಗದ್ದ ಎದೆಗೆ ಒತ್ತಿಕೊಂಡರೆ ಆ ಕೊಳವೆ ಮಡಚಿಕೊಳ್ಳುತ್ತದೆ. ಮೂಗು ಬಟ್ಟೆಗೆ ಅಂಟಿದರೂ ಅಪಾಯವೇ. ದೊಡ್ಡವರಾದರೆ ತಲೆ ಎತ್ತುತ್ತೇವೆ, ಕೂಗುತ್ತೇವೆ. ಎಳೆಗೂಸಿಗೆ ಎರಡೂ ಆಗಲ್ಲ, ಸದ್ದೇ ಇಲ್ಲದೆ ಅನಾಹುತ ಆಗಬಹುದು. 2010ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಭುಜದಿಂದ ಇಳಿಬಿಟ್ಟು ಮಗುವನ್ನು ಹೊರುವ ಬಟ್ಟೆಯ ಜೋಳಿಗೆ, ಅಂದರೆ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹಿಂದಿನ 20 ವರ್ಷಗಳಲ್ಲಿ ಸ್ಲಿಂಗ್‌ಗೆ ಸಂಬಂಧಿಸಿದ ಕನಿಷ್ಠ 14 ಸಾವುಗಳನ್ನು ಅವರು ಪರಿಶೀಲಿಸುತ್ತಿದ್ದರು. ಅದರಲ್ಲಿ 12 ಮಕ್ಕಳು ನಾಲ್ಕು ತಿಂಗಳೂ ತುಂಬದವರು. ಮಗುವನ್ನು ಚೀಲದ ತಳದಲ್ಲಿ ಬಿಲ್ಲಿನ ಹಾಗೆ ಮಲಗಿಸುವ, ಹೊರಗಿನಿಂದ ಮುಖವೇ ಕಾಣದಂಥ ಜೋಳಿಗೆಗಳಲ್ಲಿ ಈ ಅಪಾಯ ಜಾಸ್ತಿ. ಇಂಥವನ್ನು ಕಂಡರೆ ಕೈ ಮುಗಿದು ಮುಂದೆ ಹೋಗಿ.

ನಾನು ಮಾಡುತ್ತಿದ್ದ ಪರೀಕ್ಷೆ ಸರಳ. ಕಟ್ಟಿಕೊಂಡ ಮೇಲೆ ತಲೆ ಬಗ್ಗಿಸಿ ಮುತ್ತು ಕೊಡಲು ಆಗಬೇಕು. ಆಗದಿದ್ದರೆ ಮಗು ತೀರಾ ಕೆಳಗಿದೆ. ಬಟ್ಟೆ ಸರಿಸದೆ ಮುಖ ಪೂರ್ತಿ ಕಾಣಬೇಕು. ಮಗುವಿನ ಗದ್ದದ ಅಡಿಗೆ ನನ್ನ ಎರಡು ಬೆರಳು ಹೋಗಬೇಕು. ಆಮೇಲೆ ಒಂದು ಕೈಯಿಂದ ಮಗುವಿನ ಬೆನ್ನಿನ ಮೇಲೆ ಮೆಲ್ಲಗೆ ಒತ್ತುವುದು. ಒತ್ತಿದಾಗ ಮಗು ನನ್ನ ಕಡೆ ಇನ್ನಷ್ಟು ಸರಿದರೆ ಬಟ್ಟೆ ಸಡಿಲ ಅಂತ ಅರ್ಥ. ಸಡಿಲ ಬಿಟ್ಟರೆ ಮಗುವಿಗೆ ಹಾಯಾಗಿರುತ್ತೆ ಅಂತ ನಮಗನ್ನಿಸುತ್ತದೆ. ನಿಜ ಬೇರೆ. ಸಡಿಲವಾದಷ್ಟೂ ಮಗು ಮುದುಡಿ ಕೆಳಗೆ ಕುಸಿಯುತ್ತದೆ. ಅವಧಿಗೆ ಮುಂಚೆ ಹುಟ್ಟಿದ, ತೂಕ ತೀರಾ ಕಡಿಮೆ ಇರುವ, ನೆಗಡಿಯಲ್ಲಿ ಮೂಗು ಕಟ್ಟಿದ ಮಕ್ಕಳಿಗೆ ಇನ್ನೂ ಎರಡು ಪಟ್ಟು ಎಚ್ಚರ ಬೇಕು.

ಅವಧಿಗೆ ಮುಂಚೆ ಹುಟ್ಟಿದವರನ್ನು ಎದೆಗೆ ಕಟ್ಟಿಕೊಳ್ಳಲೇಬಾರದಾ? ಹಾಗೇನಿಲ್ಲ, ಅವರಿಗೆ ಅದೇ ಔಷಧ. ಕೊಲಂಬಿಯಾದ ಬೊಗೋಟಾದ ಆಸ್ಪತ್ರೆಯೊಂದರಲ್ಲಿ 1978ರಲ್ಲಿ, ಇನ್‌ಕ್ಯುಬೇಟರ್ ಸಾಲದೆ ಇದ್ದಾಗ, ಡಾಕ್ಟರ್ ಎಡ್ಗರ್ ರೇ ಸಣ್ಣ ಮಕ್ಕಳನ್ನು ತಾಯಿಯ ಬರಿ ಎದೆಗೆ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಥ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಕೊಡಿ ಅಂತ ಶಿಫಾರಸು ಮಾಡಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಜಿಲ್ಲೆಯುದ್ದಕ್ಕೂ ತರುವುದು ಹೇಗೆ ಅಂತ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕೆಲಸ ಮಾಡಿದ್ದಾರೆ. ಆದರೆ ಅದು ನರ್ಸಮ್ಮ ಪಕ್ಕದಲ್ಲಿ ನಿಂತು ಕಲಿಸಿಕೊಡುವ ಆರೈಕೆ. ಆನ್‌ಲೈನಿನಲ್ಲಿ ತರಿಸಿದ ಚೀಲ ಅದರ ಬದಲಿಗೆ ಬರುವಂಥದ್ದಲ್ಲ.

ಸಾಮಾನ್ಯ ತೂಕದ ಮಗುವಿಗೂ ನಮ್ಮಲ್ಲಿ ಒಂದು ತೊಡಕಿದೆ. ವಿದೇಶಿ ಬ್ರಾಂಡುಗಳ ಡಬ್ಬದ ಮೇಲೆ ಕನಿಷ್ಠ ತೂಕ 3.2 ಕೆಜಿ, 3.5 ಕೆಜಿ ಅಂತೆಲ್ಲ ಬರೆದಿರುತ್ತಾರೆ. ನಮ್ಮಲ್ಲಿ ಎಷ್ಟೋ ಮಕ್ಕಳು ಹುಟ್ಟುವುದೇ ಎರಡೂವರೆ, ಮೂರು ಕೆಜಿಯ ಒಳಗೆ. "ಹುಟ್ಟಿದ ದಿನದಿಂದಲೇ" ಅಂತ ಮೇಲೆ ದಪ್ಪಕ್ಷರದಲ್ಲಿ ಇದ್ದರೂ ನಮ್ಮ ಪುಟ್ಟಿಗೆ ಅದು ಸರಿಯಾಗುವುದು ಒಂದೂವರೆ, ಎರಡು ತಿಂಗಳಾದ ಮೇಲೆ. ಹಾಗಾಗಿ ಡಬ್ಬದ ಮೇಲಿನ ತಿಂಗಳು ನೋಡಬೇಡಿ, ತೂಕ ನೋಡಿ.

ಮೊದಲ ಮೂರು ತಿಂಗಳಿಗೆ ಏನು ಒಗ್ಗುತ್ತದೆ? ಹೆಚ್ಚಿನವರು ಹೇಳುವುದು ಸ್ಟ್ರೆಚಿ ರ್‍ಯಾಪ್. ಐದು ಮೀಟರಿನ ಹತ್ತಿರ ಉದ್ದದ, ಎಳೆದರೆ ಹಿಗ್ಗುವ ಬನಿಯನ್ ಥರದ ಬಟ್ಟೆ. ಮೊದಲು ನಮ್ಮ ಮೈಗೆ ಸುತ್ತಿಕೊಂಡು ಆಮೇಲೆ ಮಗುವನ್ನು ಒಳಗಿಡುವುದು. ಸುತ್ತಿಕೊಂಡ ಮೇಲೆ ಮನೆಯೊಳಗೆ ಗಂಟೆಗಟ್ಟಲೆ ಹಾಗೇ ಇರಬಹುದು, ಮಗುವನ್ನು ತೆಗೆದು ಮತ್ತೆ ಇಡಬಹುದು. ಎಳೆಗೂಸಿಗೆ ಇದರಷ್ಟು ಮೆತ್ತಗಿನದು ಇನ್ನೊಂದಿಲ್ಲ. ಆದರೆ ಮಗುವಿನ ಮೇಲೆ ಮೂರು ಪದರ ಬಟ್ಟೆ ಬರುತ್ತದೆ. ಬೆಂಗಳೂರಿನ ಡಿಸೆಂಬರಿಗೆ ಸೊಗಸು. ಏಪ್ರಿಲ್‌ನಲ್ಲಿ ದಾವಣಗೆರೆಗೆ ಹೊರಟರೆ ಬೆವರಿನ ಸ್ನಾನ. ಮಂಗಳೂರಿನ ಸೆಕೆಗಂತೂ ಕೇಳಲೇಬೇಡಿ. ಕ್ಯಾರಿಯರನ್ನೂ ಮಗುವಿನ ಒಂದು ಬಟ್ಟೆ ಅಂತ ಲೆಕ್ಕಕ್ಕೆ ಹಿಡಿಯಬೇಕು. ಒಳಗೆ ತೆಳು ಹತ್ತಿ ಜುಬ್ಬ ಸಾಕು, ಮೇಲೆ ಸ್ವೆಟರ್, ಕುಲಾವಿ, ಸಾಕ್ಸ್ ಎಲ್ಲ ಹಾಕಿ ಕಟ್ಟಿದರೆ ಮಗು ಕಾದುಹೋಗುತ್ತದೆ. ಕೈ ಕಾಲು ತಣ್ಣಗಿದೆ ಅಂತ ಗಾಬರಿ ಬೇಡ, ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಸೆಕೆ ಆಗಿದೆ ಅಂತ ಅರ್ಥ. ಮಗು ಏಳೆಂಟು ಕೆಜಿ ದಾಟಿದ ಮೇಲೆ ಈ ಬಟ್ಟೆ ಜೋತುಬೀಳಲು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಅದರ ಆಯುಷ್ಯ ಮುಗಿಯಿತು.

ನಮ್ಮ ಮನೆಯಲ್ಲಿ ಹೆಂಡತಿಗೆ ಸಿಸೇರಿಯನ್. ಹೊಲಿಗೆಯ ಜಾಗಕ್ಕೆ ಸೀರೆ ಲಂಗದ ಲಾಡಿ ತಾಗಿದರೂ ಉರಿ. ಬಕಲ್ ಇರುವ ಕ್ಯಾರಿಯರಿಗೆ ಸೊಂಟದ ಸುತ್ತ ದಪ್ಪ ಬೆಲ್ಟ್ ಬರುತ್ತದೆ. ಅದು ಕೂರುವುದು ಸರಿಯಾಗಿ ಆ ಹೊಲಿಗೆಯ ಮೇಲೆ. "ನನ್ನ ಹೊಟ್ಟೆ ಮೇಲೆ ಇನ್ನೊಂದು ಬೆಲ್ಟ್ ಬೇಡ" ಅಂತ ಅವಳು ಮೊದಲೇ ಹೇಳಿದ್ದಳು. ಹೀಗಾಗಿ ಮೊದಲ ತಿಂಗಳುಗಳಲ್ಲಿ ಹೊರುವ ಕೆಲಸ ನನ್ನದೇ. ಅವಳು ಮತ್ತೆ ಶುರು ಮಾಡಿದ್ದು ರಿಂಗ್ ಸ್ಲಿಂಗ್‌ನಿಂದ, ಡಾಕ್ಟರು ಸರಿ ಅಂದ ಮೇಲೆ. ಅದರ ಭಾರ ಒಂದು ಭುಜ ಮತ್ತು ಬೆನ್ನಿನ ಮೇಲೆ ಬೀಳುತ್ತದೆ. ಹೊಟ್ಟೆಯ ತಂಟೆಗೆ ಬರುವುದಿಲ್ಲ.

ರಿಂಗ್ ಸ್ಲಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಅದು ನನಗೆ ಇಷ್ಟ. ಎರಡು ಬಳೆ, ಎರಡು ಮೀಟರ್ ಬಟ್ಟೆ, ಅಷ್ಟೇ ಸಾಮಾನು. ಬಟ್ಟೆಯ ಒಂದು ತುದಿ ಬಳೆಗೆ ಹೊಲಿದಿರುತ್ತದೆ. ಇನ್ನೊಂದು ತುದಿಯನ್ನು ಎರಡೂ ಬಳೆಯೊಳಗೆ ತೂರಿಸಿ, ಮೇಲಿನ ಬಳೆಯ ಮೇಲಿಂದ ಮಡಚಿ ಕೆಳಗಿನ ಬಳೆಯೊಳಗಿಂದ ಹೊರಗೆಳೆಯಬೇಕು. ಎಳೆಯುವುದರಲ್ಲಿ ಇದೆ ಮರ್ಮ. ಬಟ್ಟೆಯನ್ನೆಲ್ಲ ಒಟ್ಟಿಗೆ ಹಿಡಿದು ಜಗ್ಗಿದರೆ ಅದು ಬಳೆಯ ಒಂದು ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ, ಬಿಗಿಯಾಗುವುದಿಲ್ಲ. ಮೇಲಂಚನ್ನು ಹಿಡಿದು ಎಳೆದರೆ ಮಗುವಿನ ಕುತ್ತಿಗೆಯ ಹತ್ತಿರ ಬಿಗಿಯಾಗುತ್ತದೆ. ಕೆಳಗಿನ ಅಂಚು ಎಳೆದರೆ ಮೊಣಕಾಲಿನ ಕೆಳಗೆ. ನಡುವಿನದು ಎಳೆದರೆ ಬೆನ್ನಿಗೆ. ಎಳೆಯುವಾಗ ಇನ್ನೊಂದು ಕೈಯಿಂದ ಮಗುವಿನ ಕುಂಡಿಯನ್ನು ಸ್ವಲ್ಪ ಎತ್ತಿ ಭಾರ ತೆಗೆಯಬೇಕು. ಇಲ್ಲದಿದ್ದರೆ ಬಟ್ಟೆ ಜಾರುವುದಿಲ್ಲ. ಕನ್ನಡಿಯ ಮುಂದೆ ನಿಂತು ಮೊದಲು ದಿಂಬಿನ ಜೊತೆ ಮಾಡಿ ನೋಡಿ. ಬರೆದದ್ದು ಓದಿದರೆ ತಲೆ ಕೆಡುತ್ತದೆ, ಕೈಗೆ ಬಂದ ಮೇಲೆ ಅರ್ಧ ನಿಮಿಷದ ಕೆಲಸ.

ಈಗ ಸೀರೆಯ ಪ್ರಶ್ನೆ. ಮಗುವಿನ ತಂದೆ ತಾಯಿ ಇಬ್ಬರೂ ಆಫೀಸಿಗೆ ಹೋದ ಮೇಲೆ ಹೊರುವವರು ಯಾರು? ಅಜ್ಜಿ. ಅಜ್ಜಿ ಉಡುವುದು ಸೀರೆ. ಬಕಲ್ ಕ್ಯಾರಿಯರಿನ ಸೊಂಟದ ಬೆಲ್ಟ್ ಸೀರೆಯ ನೆರಿಗೆಯ ಮೇಲೆಯೇ ಬರುತ್ತದೆ. ಬಿಗಿದರೆ ನೆರಿಗೆ ಕಿತ್ತುಬರುತ್ತದೆ, ಸಡಿಲ ಬಿಟ್ಟರೆ ಭಾರವೆಲ್ಲ ಭುಜಕ್ಕೆ. ಸೆರಗು ಚೀಲದ ಅಡಿಗೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಕುತ್ತಿಗೆಯ ಹಿಂದೆ ಹಾಕುವ ಒಂದು ಕ್ಲಿಪ್ಪಿದೆ. ಎರಡು ಭುಜದ ಪಟ್ಟಿಗಳನ್ನು ಹಿಂದೆ ಜೋಡಿಸುವ ಪುಟ್ಟ ಕ್ಲಿಪ್. ಎರಡೂ ಕೈ ತಲೆಯ ಹಿಂದಕ್ಕೆ ಒಯ್ದು, ಕಣ್ಣಿಗೆ ಕಾಣದ ಅದನ್ನು ಹುಡುಕಿ "ಟಕ್" ಅನ್ನಿಸಬೇಕು. ಅರವತ್ತು ದಾಟಿದ, ಭುಜ ಹಿಡಿದುಕೊಂಡಿರುವವರಿಗೆ ಇದು ಆಗುವ ಮಾತಲ್ಲ. ಭುಜ ಚೆನ್ನಾಗಿರುವ ನನಗೇ ಶುರುವಿನಲ್ಲಿ, "ಬಾರೇ, ಇದೊಂದು ಹಾಕು" ಅಂತ ಹೆಂಡತಿಯನ್ನು ಕರೆಯುವುದೇ ಆಗಿತ್ತು. ಮನೆಯಲ್ಲಿ ಒಬ್ಬರೇ ಇದ್ದಾಗ ಯಾರನ್ನು ಕರೆಯುತ್ತೀರಿ? ಹಾಗಾಗಿ ಅಂಗಡಿಯಲ್ಲಿ ಹಾಕಿ ನೋಡುವಾಗ ಮಾರುವ ಹುಡುಗ ಸಹಾಯಕ್ಕೆ ಬಂದರೆ ಬೇಡ ಅನ್ನಿ. ಅವನು ನಿಮ್ಮ ಮನೆಗೆ ಬರುವುದಿಲ್ಲ.

ಚೀಲವನ್ನು ಬೈದಿದ್ದ ಅತ್ತೆ ರಿಂಗ್ ಸ್ಲಿಂಗನ್ನು ನಮ್ಮಿಬ್ಬರಿಗಿಂತ ಬೇಗ ಕಲಿತರು. ಭುಜದ ಮೇಲೆ ಬಟ್ಟೆ ಹರಡಿ, ಅಂಚು ಸರಿಪಡಿಸಿ, ತುದಿ ಕೆಳಗೆ ಬಿಡುವುದು ಅವರ ಕೈಗೆ ಐವತ್ತು ವರ್ಷದ ಅಭ್ಯಾಸ. ಒಂದು ದಿನ ಮಗುವನ್ನು ಸೊಂಟದ ಮೇಲೆ ಕೂರಿಸಿ ಸ್ಲಿಂಗ್ ಬಿಗಿದುಕೊಂಡು, ಎರಡೂ ಕೈಯಲ್ಲಿ ಅವರೆಕಾಳು ಬಿಡಿಸುತ್ತಾ, ಅವರೂರಲ್ಲಿ ಗದ್ದೆಗೆ ಕಳೆ ಕೀಳಲು ಹೋಗುವ ಹೆಂಗಸರು ಹಳೇ ಸೀರೆಯಲ್ಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಿದ್ದದ್ದನ್ನು ಹೇಳಿದರು. "ಅದಕ್ಕೇನು ದುಡ್ಡು ಕೊಡ್ತಿದ್ರಾ?" ಅಂತ ನನಗೊಂದು ಏಟೂ ಕೊಟ್ಟರು.

ಮಾತು ನಿಜವೇ. ಇವತ್ತಿಗೂ ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಬಂದ ತಾಯಂದಿರು ಹಾಗೆ ಕಟ್ಟಿಕೊಂಡಿರುವುದನ್ನು ನೋಡುತ್ತೇವೆ. ಜಾನಪದದ ಕೊರವಂಜಿ ಕಣಿ ಹೇಳಲು ಬರುವುದೂ ಬೆನ್ನಿಗೆ ಕೂಸು ಕಟ್ಟಿಕೊಂಡೇ. ಮಿಜೋರಾಮಿನಲ್ಲಿ ನೇಯ್ದ ಬಟ್ಟೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪೇಟೆಗೆ ಹೋಗುವುದು ದಿನದ ನೋಟ. ಅಮೆರಿಕದಲ್ಲಿ ಮಾರಾಟವಾದ ಹೆಸರುವಾಸಿ ಮೃದು ಚೀಲ ಸ್ನಗ್ಲಿಯ ಮೂಲವೂ ಇಂಥದ್ದೇ. ಆನ್ ಮೂರ್ ಎಂಬ ನರ್ಸ್ 1960ರ ದಶಕದಲ್ಲಿ ಅಮೆರಿಕ ಸರ್ಕಾರದ ಸ್ವಯಂಸೇವಕರ ಸಂಸ್ಥೆ ಪೀಸ್ ಕೋರ್‌ನಿಂದ ಆಫ್ರಿಕಾದ ಟೋಗೋಗೆ ಹೋಗಿದ್ದರು. ಅಲ್ಲಿನ ತಾಯಂದಿರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಳ್ಳುವುದನ್ನು ನೋಡಿ, ತಮ್ಮ ಮಗಳಿಗೆ ಅಂತ ತಮ್ಮ ತಾಯಿಯ ಕೈಲಿ ಒಂದು ಚೀಲ ಹೊಲಿಸಿದರು. 1969ರಲ್ಲಿ ಪೇಟೆಂಟ್ ಸಿಕ್ಕಿತು. ಬಡವರ ಬೆನ್ನಿನ ಮೇಲಿದ್ದಾಗ ಕಷ್ಟ ಅನ್ನಿಸಿಕೊಳ್ಳುವ ಬಟ್ಟೆ, ಬಕಲ್ ಹಾಕಿ ಡಬ್ಬದಲ್ಲಿಟ್ಟರೆ ಹತ್ತು ಸಾವಿರ. ಇದನ್ನು ಹೇಳಿದಾಗ ಮಾತ್ರ ಅತ್ತೆಗೆ ಸಮಾಧಾನವಾಯಿತು.

ಹಾಗಾದರೆ ಬಕಲ್ ಕ್ಯಾರಿಯರ್ ಕೆಲಸಕ್ಕೆ ಬಾರದ್ದಾ? ಖಂಡಿತ ಅಲ್ಲ. ನನಗೆ ದಿನಾ ಕೆಲಸಕ್ಕೆ ಬಂದದ್ದು ಅದೇ. ಪ್ಯಾಂಟು ಹಾಕುವ, ದೂರ ನಡೆಯುವ, ಎರಡೂ ಭುಜದ ಮೇಲೆ ಭಾರ ಸಮನಾಗಿ ಬೀಳಬೇಕು ಅನ್ನುವವರಿಗೆ ಅದಕ್ಕಿಂತ ಸಲೀಸು ಬೇರೆ ಇಲ್ಲ. ಸೊಂಟದ ಬೆಲ್ಟ್ ಬಿಗಿಯಾಗಿ, ಸ್ವಲ್ಪ ಎತ್ತರದಲ್ಲಿ ಕಟ್ಟಿಕೊಂಡರೆ ಎಂಟು ಕೆಜಿಯ ಮಗುವೂ ಭಾರ ಅನ್ನಿಸುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಹಾಕುವುದಾದರೆ ಪಟ್ಟಿಗಳು ಎಷ್ಟು ಸುಲಭವಾಗಿ ಉದ್ದ ಗಿಡ್ಡ ಆಗುತ್ತವೆ ಅಂತ ನೋಡಿ. ನಾನು ಎತ್ತರ, ಅವಳು ಗಿಡ್ಡ. ಪ್ರತಿ ಸಲ ಎಲ್ಲ ಬಿಚ್ಚಿ ಜಗ್ಗಬೇಕಾದರೆ ಮನೆಯಲ್ಲಿ ಜಗಳ ಗ್ಯಾರಂಟಿ. ತೀರಾ ಸಣ್ಣ ಮೈಯವರಿಗೆ ಕೆಲವು ಬೆಲ್ಟ್‌ಗಳನ್ನು ಪೂರ್ತಿ ಎಳೆದರೂ ಸಡಿಲವೇ. ಅಂಥವರಿಗೆ ಕಟ್ಟುವ ಲಾಡಿಯ ಮೇ ದಾಯ್ ಒಳ್ಳೆಯದು. ಚೀನಾ ಮೂಲದ್ದು, ನಡುವೆ ಒಂದು ಚೌಕ ಬಟ್ಟೆ, ನಾಲ್ಕು ಕಡೆ ಲಾಡಿ. ಯಾರ ಅಳತೆಗಾದರೂ ಆಗುತ್ತದೆ. ಒಂದೇ ತೊಂದರೆ ಏನೆಂದರೆ, ಮಳೆಗಾಲದಲ್ಲಿ ರಸ್ತೆಯಲ್ಲಿ ನಿಂತು ಕಟ್ಟುವಾಗ ಲಾಡಿಯ ತುದಿ ಕೆಸರಿಗೆ ಬೀಳುತ್ತದೆ.

ಬೆಂಗಳೂರಿನಲ್ಲಿ ಇರುವವರಿಗೆ ಸ್ಟ್ರಾಲರ್, ಅಂದರೆ ಮಗುವಿನ ತಳ್ಳುಗಾಡಿ ಬೇಕಾ, ಕ್ಯಾರಿಯರ್ ಬೇಕಾ ಅನ್ನುವ ಪ್ರಶ್ನೆಗೆ ಉತ್ತರ ನಮ್ಮ ಫುಟ್‌ಪಾತೇ ಕೊಟ್ಟುಬಿಟ್ಟಿದೆ. ಒಂದು ಚಪ್ಪಡಿ ಮೇಲೆ, ಇನ್ನೊಂದು ಕೆಳಗೆ. ನಡುವೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಮರಳಿನ ರಾಶಿ, ಅದರ ಮೇಲೆ ಯಾರದೋ ಬೈಕು. ಸ್ಟ್ರಾಲರ್ ಇರುವುದು ಮಾಲ್‌ಗೆ, ಅಪಾರ್ಟ್‌ಮೆಂಟಿನ ಒಳಗಿನ ರಸ್ತೆಗೆ. ಬಸ್ಸು ಹತ್ತುವವರಿಗೆ ಎರಡು ಕೈ ಬೇಕೇ ಬೇಕು. ಒಂದು ಕಂಬಿಗೆ, ಇನ್ನೊಂದು ಶಕ್ತಿ ಟಿಕೆಟ್‌ಗೆ ಆಧಾರ್ ಕಾರ್ಡ್ ತೋರಿಸಲಿಕ್ಕೆ. ಮಗುವನ್ನು ಎದೆಗೆ ಕಟ್ಟಿಕೊಂಡ ಹೆಂಗಸು ಹತ್ತಿದರೆ ಯಾರಾದರೂ ಸೀಟು ಬಿಟ್ಟುಕೊಡುತ್ತಾರೆ. ನಾನು ಹತ್ತಿದರೆ ಮೊದಲು ಮಗು ಯಾಕೆ ನನ್ನ ಹತ್ತಿರ ಇದೆ ಅಂತ ಕೇಳಿ, ತಾಯಿ ಎಲ್ಲಿ ಅಂತ ವಿಚಾರಿಸಿ, ಆಮೇಲೆ ಬಿಟ್ಟುಕೊಡುತ್ತಾರೆ.

ಸ್ಕೂಟರ್ ವಿಷಯದಲ್ಲಿ ನಾನು ಖಡಾಖಂಡಿತ. ಕ್ಯಾರಿಯರಿನಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡು ಗಾಡಿ ಓಡಿಸುವವರನ್ನು ರಿಂಗ್ ರೋಡಿನಲ್ಲೂ ನೋಡಿದ್ದೇನೆ. ಬ್ರೇಕ್ ಹಾಕಿದರೆ ಹ್ಯಾಂಡಲ್‌ಗೂ ಅಪ್ಪನ ಎದೆಗೂ ನಡುವೆ ಇರುವುದು ಮಗು. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು, ಒಂದು ವರ್ಷದ ನಂತರ ಅದು ಜಾರಿಗೆ ಬಂತು. ಅದರ ಪ್ರಕಾರ 9 ತಿಂಗಳಿಂದ 4 ವರ್ಷದ ಮಗು ದ್ವಿಚಕ್ರ ವಾಹನದಲ್ಲಿ ಹಿಂದೆ ಕೂರುವಾಗ ಸೇಫ್ಟಿ ಹಾರ್ನೆಸ್ (ಮಗುವನ್ನು ಸವಾರರ ಮೈಗೆ ಬಿಗಿಯುವ ಪಟ್ಟಿಗಳ ಜಾಕೆಟ್) ಮತ್ತು ತಲೆಗೆ ಸರಿಯಾದ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಈ ಹಾರ್ನೆಸ್ ಬೇರೆ, ಬೇಬಿ ಕ್ಯಾರಿಯರ್ ಬೇರೆ. ಹಾರ್ನೆಸ್ 30 ಕೆಜಿ ತೂಕ ತಡೆಯುವಂತೆ ಇರಬೇಕು ಅಂತ ನಿಯಮವೇ ಹೇಳುತ್ತದೆ. ಕಾರಿನಲ್ಲೂ ಅಷ್ಟೇ. ಕ್ಯಾರಿಯರಿನಲ್ಲಿ ಮಗು ಮಲಗಿದೆ, ಎಬ್ಬಿಸುವುದು ಯಾಕೆ ಅಂತ ಹಾಗೇ ಸೀಟ್ ಬೆಲ್ಟ್ ಹಾಕಿಕೊಂಡು ಕೂರುವುದು ಬೇಡ. ಕಾರಿಗೆ ಕಾರ್ ಸೀಟೇ ಬೇಕು.

ಅಡುಗೆಮನೆಗೂ ಒಂದು ಗೆರೆ ಹಾಕಿಕೊಳ್ಳಿ. ತರಕಾರಿ ತೊಳೆಯಿರಿ, ಬಟ್ಟೆ ಮಡಚಿ, ಪಾತ್ರೆ ಜೋಡಿಸಿ. ಒಲೆಯ ಮುಂದೆ ಎದೆಯ ಮೇಲೆ ಮಗು ಬೇಡ. ಒಗ್ಗರಣೆಗೆ ಸಾಸಿವೆ ಸಿಡಿದರೆ ಮೊದಲು ತಾಗುವುದು ಅದರ ಕಾಲಿಗೆ.

ಸಂಜೆಯ ಅಳುವಿನ ಬಗ್ಗೆ ಹೇಳದೆ ಮುಗಿಸಲಾರೆ, ನಾನು ಕ್ಯಾರಿಯರಿಗೆ ಮನಸೋತಿದ್ದೇ ಅದರಿಂದ. ನಮ್ಮ ಮಗಳು ದೀಪ ಹಚ್ಚುವ ಹೊತ್ತಿಗೆ ಶುರು ಮಾಡಿದರೆ ಊಟದ ಹೊತ್ತಿನವರೆಗೆ ನಿಲ್ಲಿಸುತ್ತಿರಲಿಲ್ಲ. ಅತ್ತೆ ಪೊರಕೆ ಕಡ್ಡಿ ಉರಿಸಿ ದೃಷ್ಟಿ ತೆಗೆಯುತ್ತಿದ್ದರು. ನಾನು ಕಟ್ಟಿಕೊಂಡು ಟೆರೇಸ್ ಮೇಲೆ ತಿರುಗುತ್ತಿದ್ದೆ. ಯಾವುದರಿಂದ ನಿಂತಿತು ಅನ್ನುವುದು ಇವತ್ತಿಗೂ ನಮ್ಮ ಮನೆಯಲ್ಲಿ ಚರ್ಚೆಯ ವಿಷಯ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಂಜಿಕರ್ ಮತ್ತು ಬಾರ್ ಎಂಬಿಬ್ಬರು ಮಾಡಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಕೆಲವು ತಾಯಂದಿರಿಗೆ ಅಳಲಿ ಬಿಡಲಿ, ಮಗುವನ್ನು ದಿನಕ್ಕೆ ಕೆಲವು ಗಂಟೆ ಹೆಚ್ಚಿಗೆ ಎತ್ತಿಕೊಂಡಿರಿ ಅಂತ ಹೇಳಿದ್ದರು. ಆರು ವಾರದ ಹೊತ್ತಿಗೆ ಆ ಮಕ್ಕಳು ಉಳಿದವರಿಗಿಂತ 43 ಶೇಕಡಾ ಕಡಿಮೆ ಅಳುತ್ತಿದ್ದವು, ಸಂಜೆ ಹೊತ್ತಿನಲ್ಲಿ ಇನ್ನೂ ಕಡಿಮೆ. ಆದರೆ ಅದೇ ಬಾರ್ 1991ರಲ್ಲಿ, ಆಗಲೇ ವಿಪರೀತ ಅಳುವ ಮಕ್ಕಳ ಮೇಲೆ ಇದನ್ನು ಪ್ರಯತ್ನಿಸಿದಾಗ ಉಪಯೋಗ ಕಾಣಲಿಲ್ಲ. ಅಂದರೆ ಅಳು ಶುರುವಾದ ಮೇಲೆ ಕಟ್ಟಿಕೊಂಡು ಓಡುವುದಕ್ಕಿಂತ, ಮಗು ಖುಷಿಯಾಗಿದ್ದಾಗಲೇ ಕಟ್ಟಿಕೊಂಡಿರುವುದು ಮೇಲು ಅಂತ ನಾನು ಅಂದುಕೊಂಡಿದ್ದೇನೆ. ಅತ್ತೆಯ ಪೊರಕೆ ಕಡ್ಡಿಯ ಮೇಲೆ ಯಾರೂ ಅಧ್ಯಯನ ಮಾಡಿದ ಹಾಗಿಲ್ಲ.

ಆರು ತಿಂಗಳು ದಾಟಿ, ಮಗು ತಾನಾಗಿ ಕೂರಲು ಶುರು ಮಾಡಿದ ಮೇಲೆ ಬೆನ್ನಿಗೆ ಕಟ್ಟಿಕೊಳ್ಳಬಹುದು. ಹೊರಗೆ ಮುಖ ಮಾಡಿ ಕೂರಿಸುವುದಕ್ಕೂ ಕುತ್ತಿಗೆ ಗಟ್ಟಿಯಾಗಬೇಕು, ಅದೂ ಸ್ವಲ್ಪ ಹೊತ್ತು ಮಾತ್ರ. ನಿದ್ದೆ ಬಂದ ಕೂಡಲೇ ಒಳಗೆ ತಿರುಗಿಸಬೇಕು. ಸೊಂಟಕ್ಕೆ ಸ್ಟೂಲ್ ಕಟ್ಟಿಕೊಂಡ ಹಾಗಿರುವ ಹಿಪ್ ಸೀಟ್ ಈಗ ಎಲ್ಲೆಲ್ಲೂ ಕಾಣುತ್ತದೆ. ಪಾರ್ಕಿಗೆ ಸರಿ. ಆಟೋದಲ್ಲಿ ಕೂರುವಾಗ ಅದು ಹೊಟ್ಟೆಗೆ ಒತ್ತುತ್ತದೆ.

ನಡೆಯಲು ಕಲಿತ ಮಕ್ಕಳದ್ದು ಬೇರೆಯೇ ಕಥೆ. ಶ್ರವಣಬೆಳಗೊಳದ ದೊಡ್ಡ ಬೆಟ್ಟಕ್ಕೆ ಸುಮಾರು 650 ಮೆಟ್ಟಿಲು, ಬರಿಗಾಲಲ್ಲಿ ಹತ್ತಬೇಕು. ಮಗಳು ನಾಲ್ಕು ಮೆಟ್ಟಿಲು ಹತ್ತಿ "ಎತ್ಕೋ" ಅನ್ನುವುದು, ಎತ್ತಿಕೊಂಡು ನಾಲ್ಕು ಮೆಟ್ಟಿಲು ಹೋದರೆ "ಇಳಿಸು" ಅನ್ನುವುದು. ಬಕಲ್ ಹಾಕಿ ಬಿಚ್ಚಿ ಸಾಕಾಗಿ, ಕೊನೆಗೆ ಬ್ಯಾಗಿನಲ್ಲಿದ್ದ ರಿಂಗ್ ಸ್ಲಿಂಗೇ ಹೊರಗೆ ಬಂತು. ಪಕ್ಕದಲ್ಲಿ ಒಬ್ಬರು ಚೌಕಟ್ಟು ಇರುವ ಟ್ರೆಕ್ಕಿಂಗ್ ಕ್ಯಾರಿಯರ್ ಹೊತ್ತು ಬಂದಿದ್ದರು. ಅದು ಖಾಲಿ ಇದ್ದಾಗಲೇ ಎರಡು ಮೂರು ಕೆಜಿ, ಮಗು ನಮ್ಮ ತಲೆಗಿಂತ ಎತ್ತರದಲ್ಲಿ ಕೂರುತ್ತದೆ. ಬಾಗಿಲ ಚೌಕಟ್ಟು, ಮರದ ಕೊಂಬೆ ಎಲ್ಲ ನಮಗೆ ತಾಗದಿದ್ದರೂ ಅದಕ್ಕೆ ತಾಗುತ್ತದೆ. ವಾರ ವಾರ ಕುದುರೆಮುಖ ಹತ್ತುವವರಾದರೆ ತಗೊಳ್ಳಿ. ವರ್ಷಕ್ಕೊಮ್ಮೆ ಹೋಗುವವರಿಗೆ ಯಾಕೆ?

ದುಡ್ಡಿನ ಮಾತು. ಸಾವಿರದ ಆಸುಪಾಸಿನಿಂದ ಹಿಡಿದು ಹದಿನೈದು ಸಾವಿರ ದಾಟುವವರೆಗೂ ಇವೆ. ಸೋಲ್, ಅನ್ಮೋಲ್, ಕೋಲ್ ಕೋಲ್ ಥರದ ಭಾರತದ ಬ್ರಾಂಡುಗಳಲ್ಲಿ ನಮ್ಮ ಹವೆಗೆ ಒಗ್ಗುವ ಹತ್ತಿ ಬಟ್ಟೆಯವು ಸಿಗುತ್ತವೆ. ಎರಡು ಕೊಳ್ಳುವ ಶಕ್ತಿ ಇದ್ದರೆ ನನ್ನ ಆಯ್ಕೆ ಒಂದು ರಿಂಗ್ ಸ್ಲಿಂಗ್, ಒಂದು ಬಕಲ್. ಒಂದೇ ಅಂದರೆ, ಮನೆಯಲ್ಲಿ ಹೆಚ್ಚು ಹೊತ್ತು ಹೊರುವವರ ಮೈಗೆ ಆಗುವುದು. ಹೊಸದೇ ಬೇಕು ಅಂತಿಲ್ಲ. ಪರಿಚಯದವರ ಮನೆಯ ಅಟ್ಟದಲ್ಲಿ ಒಂದಾದರೂ ಇರುತ್ತದೆ, ಕೇಳಿ. ತರುವ ಮುಂಚೆ ಭುಜದ ಪಟ್ಟಿ ಸೇರುವ ಕಡೆ ಹೊಲಿಗೆ ಬಿಟ್ಟಿದೆಯಾ, ಬಕಲ್‌ನ ಹಲ್ಲು ಮುರಿದಿದೆಯಾ ನೋಡಿ. ಹಾಕಿ, ಜೋರಾಗಿ ಜಗ್ಗಿ ಪರೀಕ್ಷಿಸಿ. ಸ್ಲಿಂಗ್ ಆದರೆ ಬಳೆಯನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಸುತ್ತಲೂ ಸವರಿ. ಎಲ್ಲಾದರೂ ಬೆಸುಗೆಯ ಗೆರೆ ಅಥವಾ ಬಿರುಕು ಸಿಕ್ಕಿದರೆ, ಕೊಟ್ಟವರು ಎಷ್ಟೇ ಬೇಕಾದವರಾಗಲಿ, ಮಗುವನ್ನು ಅದರಲ್ಲಿ ಹಾಕಬೇಡಿ.